ಮಕ್ಕಳ ಜೀವನಾಂಶದ ಆದೇಶ: ಪ್ರಶ್ನಿಸುವ ದಾರಿ, ಪಾಲಿಸುವ ಹೊಣೆ

ಅಧ್ಯಯನ ಪಾಠ
ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರಿಗಾಗಿ

1. ಪಾಠದ ಉದ್ದೇಶ

ಕುಟುಂಬದ ಜಗಳವು ನ್ಯಾಯಾಲಯಕ್ಕೆ ಹೋಗುವ ಮೊದಲು ಹಾಗೂ ನ್ಯಾಯಾಲಯದಿಂದ ಆದೇಶ ಬಂದ ಮರುದಿನ ಗ್ರಾಮಸ್ಥರು ಸಾಮಾನ್ಯವಾಗಿ ತಮ್ಮ ವಾರ್ಡಿನ ಸದಸ್ಯರ ಮನೆ ಬಾಗಿಲಿಗೆ ಬರುತ್ತಾರೆ. ಗಂಡನಿಂದ ದೂರವಾಗಿ ತವರಿನಲ್ಲಿರುವ ತಾಯಿ, ಮಗುವಿನ ಖರ್ಚಿಗೆ ಏನು ಮಾಡಬೇಕೆಂದು ಕೇಳುತ್ತಾಳೆ. ಪ್ರತಿ ತಿಂಗಳು ಇಷ್ಟು ಹಣ ಕೊಡಬೇಕೆಂಬ ಆದೇಶವನ್ನು ಕೈಯಲ್ಲಿ ಹಿಡಿದ ತಂದೆ, ಇದನ್ನು ರದ್ದು ಮಾಡಿಸುವುದು ಹೇಗೆಂದು ಕೇಳುತ್ತಾನೆ. ಇಬ್ಬರೂ ಅದೇ ಪಂಚಾಯತಿಯ ಮತದಾರರು. ಇಬ್ಬರಿಗೂ ಸರಿಯಾದ ಉತ್ತರ ದೊರೆಯಬೇಕು. ಆ ಉತ್ತರ ತಪ್ಪಿದರೆ ಅದರ ಪೆಟ್ಟು ಬೀಳುವುದು ಜಗಳದಲ್ಲಿ ಯಾವ ಪಾತ್ರವೂ ಇಲ್ಲದ ಮಗುವಿನ ಮೇಲೆ.

ಈ ಪಾಠದ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಜೀವನಾಂಶದ ಆದೇಶವನ್ನು ಪ್ರಶ್ನಿಸುವುದು ಹಕ್ಕು, ಪ್ರಶ್ನಿಸಿದ್ದೇನೆಂಬ ಕಾರಣಕ್ಕೆ ಹಣ ಕೊಡುವುದನ್ನು ನಿಲ್ಲಿಸುವುದು ಹಕ್ಕಲ್ಲ. ಪ್ರಶ್ನಿಸಲು ಕಾನೂನು ಬಾಗಿಲುಗಳನ್ನು ತೆರೆದಿಟ್ಟಿದೆ. ಆದರೆ ಪ್ರತಿ ಬಾಗಿಲಿಗೂ ಒಂದು ಗಡುವು ಇದೆ, ಒಂದು ವಿಧಾನ ಇದೆ.

2. ಆದೇಶ ಯಾವ ಕಾನೂನಿನಡಿ ಆಗುತ್ತದೆ?

ದಂಡ ಪ್ರಕ್ರಿಯಾ ಸಂಹಿತೆ, 1973ರ ಕಲಂ 125 ಎಂಬುದು ಹಳ್ಳಿಗಳಲ್ಲಿಯೂ ಪರಿಚಿತವಾದ ಹೆಸರು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಯಲ್ಲಿದೆ. ಹಳೆಯ ಕಲಂ 125ರಿಂದ 128ರವರೆಗಿನ ವಿಷಯಗಳು ಹೊಸ ಸಂಹಿತೆಯ ಕಲಂ 144ರಿಂದ 147ರವರೆಗೆ ಬಂದಿವೆ. 144 ಜೀವನಾಂಶದ ಆದೇಶಕ್ಕೆ, 145 ವಿಚಾರಣೆಯ ಕ್ರಮಕ್ಕೆ, 146 ಮೊತ್ತದ ಬದಲಾವಣೆಗೆ, 147 ಆದೇಶದ ಜಾರಿಗೆ ಸಂಬಂಧಿಸಿವೆ. 2024ರ ಜುಲೈ 1ಕ್ಕೆ ಮೊದಲೇ ಬಾಕಿಯಿದ್ದ ಅರ್ಜಿಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯುತ್ತವೆ. ಆದುದರಿಂದ ಯಾರಾದರೂ ಆದೇಶ ತಂದು ತೋರಿಸಿದಾಗ ಮೊದಲು ಅದರ ಮೇಲಿರುವ ಕಲಂ ಸಂಖ್ಯೆ, ನ್ಯಾಯಾಲಯದ ಹೆಸರು ಮತ್ತು ದಿನಾಂಕವನ್ನು ಓದಬೇಕು.

ಹಿಂದೆ ಈ ಕಲಮಿನಡಿ ತಿಂಗಳಿಗೆ ಗರಿಷ್ಠ 500 ರೂಪಾಯಿ ಎಂಬ ಮಿತಿ ಇತ್ತು. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಈಗ ಮಗುವಿನ ಅಗತ್ಯ ಮತ್ತು ತಂದೆಯ ಸಾಮರ್ಥ್ಯವನ್ನು ನೋಡಿ ನ್ಯಾಯಾಲಯ ಮೊತ್ತವನ್ನು ನಿಗದಿ ಮಾಡುತ್ತದೆ. ಅಂತಿಮ ಆದೇಶಕ್ಕೆ ಮೊದಲು ಮಧ್ಯಂತರ ಜೀವನಾಂಶವನ್ನೂ ಕೊಡಿಸಬಹುದು. ಮಧ್ಯಂತರ ಅರ್ಜಿಯನ್ನು ನೋಟಿಸು ಜಾರಿಯಾದ ದಿನದಿಂದ ಸಾಧ್ಯವಾದಷ್ಟೂ 60 ದಿನಗಳೊಳಗೆ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ.

ಈ ಕಲಮು ಜಾತಿ, ಧರ್ಮಗಳ ಭೇದವಿಲ್ಲದೆ ಅನ್ವಯಿಸುತ್ತದೆ. ಮುಸ್ಲಿಂ ತಂದೆತಾಯಿಗಳು ವಿಚ್ಛೇದನ ಪಡೆದಿದ್ದರೂ ಅಪ್ರಾಪ್ತ ಮಕ್ಕಳ ಜೀವನಾಂಶದ ಹಕ್ಕು ಉಳಿಯುತ್ತದೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲಿಯೇ ಸ್ಪಷ್ಟಪಡಿಸಿದೆ. ತಂದೆತಾಯಿಗಳ ನಡುವೆ ಸಿಂಧುವಾದ ಮದುವೆ ಆಗಿರಲೇಬೇಕೆಂಬ ಷರತ್ತು ಕೂಡ ಮಗುವಿನ ವಿಷಯದಲ್ಲಿ ಇಲ್ಲ. ಎರಡನೆಯ ಸಂಬಂಧದಲ್ಲಿ ಹುಟ್ಟಿದ ಮಗು, ಬಾಲ್ಯವಿವಾಹದಿಂದ ಹುಟ್ಟಿದ ಮಗು, ದೇವದಾಸಿ ಪದ್ಧತಿಗೆ ಬಲಿಯಾದ ತಾಯಿಯ ಮಗು ಇವರೆಲ್ಲರೂ ತಂದೆಯಿಂದ ಜೀವನಾಂಶ ಕೇಳಬಹುದು. ತಂದೆ ಯಾರೆಂಬುದು ಸಾಕ್ಷ್ಯದಿಂದ ಸ್ಥಾಪಿತವಾಗಬೇಕು, ಅಷ್ಟೆ.

ಇದೇ ಹಣವನ್ನು ಬೇರೆ ಕಾನೂನುಗಳಡಿಯೂ ಕೇಳಬಹುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005 ಮತ್ತು ಹಿಂದೂ ದತ್ತಕ ಹಾಗೂ ಜೀವನಾಂಶ ಕಾಯ್ದೆ, 1956 ಅವುಗಳಲ್ಲಿ ಮುಖ್ಯವಾದವು. ಕಾನೂನು ಬದಲಾದರೆ ಪ್ರಶ್ನಿಸುವ ದಾರಿಯೂ ಬದಲಾಗುತ್ತದೆ. 2005ರ ಕಾಯ್ದೆಯಡಿಯ ಆದೇಶಕ್ಕೆ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬೇಕು. ಈ ಪಾಠವು ಮುಖ್ಯವಾಗಿ ಕಲಂ 144 ಅಥವಾ ಹಳೆಯ ಕಲಂ 125ರ ಆದೇಶಗಳನ್ನು ಕುರಿತದ್ದು.

3. ಒಂದು ನಿದರ್ಶನ

ವಿಷಯ ಮನದಟ್ಟಾಗಲೆಂದು ಒಂದು ಕಲ್ಪಿತ ಪ್ರಸಂಗವನ್ನು ನೋಡೋಣ. ತಂದೆಯ ಊರು ಸುರಪುರ ತಾಲ್ಲೂಕಿನಲ್ಲಿದೆ. ತಾಯಿ ಇಬ್ಬರು ಮಕ್ಕಳೊಂದಿಗೆ ಶಹಾಪುರ ತಾಲ್ಲೂಕಿನ ತವರಿನಲ್ಲಿದ್ದಾಳೆ. ಆಕೆ ಜೂನ್ 1ರಂದು ಶಹಾಪುರದ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಮಕ್ಕಳ ಪರವಾಗಿ ಅರ್ಜಿ ಹಾಕುತ್ತಾಳೆ. ತಾಯಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ.

ತಂದೆ ಆ ವೇಳೆಗೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸದಲ್ಲಿದ್ದಾನೆ. ನೋಟಿಸು ಊರಿನ ಮನೆಗೆ ಬರುತ್ತದೆ. ಮನೆಯಲ್ಲಿರುವ ವೃದ್ಧ ತಾಯಿ ಹೆಬ್ಬೆಟ್ಟು ಒತ್ತಿ ಅದನ್ನು ಪಡೆದು ಗೂಡಿನಲ್ಲಿಡುತ್ತಾಳೆ. ಓದಿ ಹೇಳುವವರಿಲ್ಲ. ತಂದೆ ನ್ಯಾಯಾಲಯಕ್ಕೆ ಹಾಜರಾಗುವುದಿಲ್ಲ. ಮುಂದಿನ ಏಪ್ರಿಲ್ 1ರಂದು, ಇಬ್ಬರು ಮಕ್ಕಳಿಗೆ ತಲಾ 1,500ರಂತೆ ತಿಂಗಳಿಗೆ 3,000 ರೂಪಾಯಿಯನ್ನು ಅರ್ಜಿಯ ದಿನದಿಂದ ಕೊಡಬೇಕೆಂದು ಏಕಪಕ್ಷೀಯ ಆದೇಶವಾಗುತ್ತದೆ.

ಆದೇಶವಾದ ದಿನದಂದೇ 10 ತಿಂಗಳ ಬಾಕಿ 30,000 ರೂಪಾಯಿ ನಿಂತಿದೆ. ತಂದೆ ಒಂದು ರೂಪಾಯಿಯನ್ನೂ ಸಾಲ ಮಾಡಿಲ್ಲ, ಯಾರೊಡನೆಯೂ ಮಾತನಾಡಿಲ್ಲ, ಆದರೂ ಬಾಕಿದಾರ. ಮೇ ತಿಂಗಳಲ್ಲಿ ಮದುವೆಗೆಂದು ಊರಿಗೆ ಬಂದಾಗ ಬಾಕಿ ವಸೂಲಿಯ ನೋಟಿಸು ಕೈಸೇರುತ್ತದೆ. ಆತ ಸದಸ್ಯರ ಮನೆಗೆ ಬರುತ್ತಾನೆ.

ಇಲ್ಲಿ ಎರಡು ದಾರಿಗಳಿವೆ. ಒಂದು, ಅದೇ ವಾರ ಶಹಾಪುರಕ್ಕೆ ಹೋಗಿ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ ವಕೀಲರನ್ನು ಕಾಣುವುದು. ಎರಡು, "ಆಮೇಲೆ ನೋಡೋಣ" ಎಂದು ಬೆಂಗಳೂರಿಗೆ ಮರಳುವುದು. ಎರಡನೆಯದನ್ನು ಆರಿಸಿಕೊಂಡು ಸೆಪ್ಟೆಂಬರ್ ಕೊನೆಗೆ ಬಂದರೆ ಬಾಕಿ 16 ತಿಂಗಳದ್ದಾಗಿ 48,000 ರೂಪಾಯಿಗೆ ಏರಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆದೇಶವನ್ನು ಪ್ರಶ್ನಿಸುವ ಎರಡು ಮುಖ್ಯ ಗಡುವುಗಳು ಜೂನ್ ಕೊನೆಯ ಹೊತ್ತಿಗೇ ಮುಗಿದುಹೋಗಿರುತ್ತವೆ. ಇತ್ತ ಶಹಾಪುರದ ತವರಿನಲ್ಲಿ ಎರಡು ಮಕ್ಕಳು 16 ತಿಂಗಳು ಅಜ್ಜನ ಕೂಲಿಯಲ್ಲಿ ಉಂಡಿರುತ್ತವೆ.

4. ಪ್ರಶ್ನಿಸುವ ಮೂರು ಬಾಗಿಲುಗಳು

(ಅ) ಏಕಪಕ್ಷೀಯ ಆದೇಶವನ್ನು ರದ್ದುಪಡಿಸಲು ಕೋರುವುದು

ಎದುರುದಾರನು ಬೇಕೆಂದೇ ನೋಟಿಸು ತಪ್ಪಿಸಿಕೊಳ್ಳುತ್ತಿದ್ದಾನೆ ಅಥವಾ ಬೇಕೆಂದೇ ಹಾಜರಾಗುತ್ತಿಲ್ಲ ಎಂದು ಮನವರಿಕೆಯಾದಾಗ ಮಾತ್ರ ನ್ಯಾಯಾಲಯ ಏಕಪಕ್ಷೀಯವಾಗಿ ಮುಂದುವರಿಯಬಹುದು. ಹಾಗೆ ಆದ ಆದೇಶವನ್ನು, ಆದೇಶದ ದಿನಾಂಕದಿಂದ ಮೂರು ತಿಂಗಳೊಳಗೆ ಸಕಾರಣ ತೋರಿಸಿದರೆ, ಅದೇ ನ್ಯಾಯಾಲಯವು ರದ್ದುಗೊಳಿಸಬಹುದು. ಇದು ಕಲಂ 145ರಲ್ಲಿದೆ. ಎದುರು ಪಕ್ಷಕ್ಕೆ ಖರ್ಚು ಕೊಡಬೇಕೆಂಬಂತಹ ಷರತ್ತನ್ನೂ ನ್ಯಾಯಾಲಯ ವಿಧಿಸಬಹುದು.

ಗುಳೆ ಹೋದ ಕುಟುಂಬಗಳಿಗೆ ಅತ್ಯಂತ ಹತ್ತಿರದ ಬಾಗಿಲು ಇದೇ. ಆದರೆ "ನನಗೆ ಗೊತ್ತಿರಲಿಲ್ಲ" ಎಂಬ ಬಾಯಿಮಾತು ಸಾಲದು. ಆ ದಿನಗಳಲ್ಲಿ ಊರಿನಲ್ಲಿ ಇರಲಿಲ್ಲವೆಂಬುದಕ್ಕೆ ಕೆಲಸದ ಸ್ಥಳದ ಹಾಜರಿ, ಬಾಡಿಗೆ ಚೀಟಿ, ಬ್ಯಾಂಕ್ ವಹಿವಾಟಿನ ವಿವರ, ಬಸ್ಸು ಅಥವಾ ರೈಲಿನ ಟಿಕೆಟು ಇಂತಹವು ಬೇಕು. ಜೊತೆಗೆ ವಾಸಿಸುವ ಕುಟುಂಬದ ವಯಸ್ಕ ಸದಸ್ಯರಿಗೆ ಕೊಟ್ಟ ಸಮನ್ಸನ್ನು ಕಾನೂನು ಒಪ್ಪುತ್ತದೆ. ಹಳೆಯ ಸಂಹಿತೆಯಲ್ಲಿ "ವಯಸ್ಕ ಪುರುಷ ಸದಸ್ಯ" ಎಂದಿತ್ತು; ಹೊಸ ಸಂಹಿತೆಯಲ್ಲಿ "ವಯಸ್ಕ ಸದಸ್ಯ" ಎಂದಿದೆ. ಆದುದರಿಂದ ಮನೆಯ ಹೆಣ್ಣುಮಕ್ಕಳು ಪಡೆದ ಸಮನ್ಸು ಲೆಕ್ಕಕ್ಕಿಲ್ಲವೆಂಬ ಹಳೆಯ ವಾದವನ್ನು ಇನ್ನು ನೆಚ್ಚುವಂತಿಲ್ಲ. ಆದೇಶದ ಸುದ್ದಿ ತಡವಾಗಿ ತಿಳಿದವರು, ಯಾವ ದಿನ, ಯಾರ ಮೂಲಕ ತಿಳಿಯಿತೆಂಬುದನ್ನು ಅರ್ಜಿಯಲ್ಲಿ ದಾಖಲೆ ಸಹಿತ ವಿವರಿಸಬೇಕು.

(ಆ) ಪುನರೀಕ್ಷಣಾ ಅರ್ಜಿ

ವಿಚಾರಣೆ ನಡೆದು ಆದ ಆದೇಶದಲ್ಲಿ ತಪ್ಪಿದೆ ಎನ್ನುವವರು ವಕೀಲರು ರಿವಿಜನ್ ಎಂದು ಕರೆಯುವ ಪುನರೀಕ್ಷಣಾ ಅರ್ಜಿಯನ್ನು ಸಲ್ಲಿಸಬೇಕು. ಶಹಾಪುರ, ಸುರಪುರ ಅಥವಾ ಯಾದಗಿರಿಯ ಜೆಎಂಎಫ್‌ಸಿ ನ್ಯಾಯಾಲಯದ ಆದೇಶವಾದರೆ ಯಾದಗಿರಿ ಜಿಲ್ಲೆಯ ಸೆಷನ್ಸ್ ನ್ಯಾಯಾಲಯದ ಮುಂದೆ ಕಲಂ 438ರಡಿ ಸಲ್ಲಿಸಬಹುದು. ಬೆಂಗಳೂರು, ಕಲಬುರಗಿಯಂತಹ ಕಡೆ ಕುಟುಂಬ ನ್ಯಾಯಾಲಯ ಮಾಡಿದ ಆದೇಶವಾದರೆ, ಕುಟುಂಬ ನ್ಯಾಯಾಲಯಗಳ ಕಾಯ್ದೆ, 1984ರ ಕಲಂ 19ರ ಪ್ರಕಾರ ಪುನರೀಕ್ಷಣೆಗೆ ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಯಾದಗಿರಿ ಜಿಲ್ಲೆಯು ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದ ವ್ಯಾಪ್ತಿಯಲ್ಲಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರಿಂದ ಕಾಯಂ ಪೀಠವಾಗಿದೆ.

ಇದಕ್ಕೆ ಗಡುವು 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಅದರಿಂದ ಕಳೆಯಲಾಗುತ್ತದೆ. ತಡವಾದರೆ ಪ್ರತಿಯೊಂದು ದಿನದ ವಿಳಂಬಕ್ಕೂ ಒಪ್ಪುವಂತಹ ಕಾರಣ ಕೊಟ್ಟು ಮನ್ನಾ ಕೋರಬೇಕು. ಒಮ್ಮೆ ಸೆಷನ್ಸ್ ನ್ಯಾಯಾಲಯದಲ್ಲಿ ಪುನರೀಕ್ಷಣೆ ಕೋರಿದವರು ಅದೇ ವಿಷಯಕ್ಕೆ ಉಚ್ಚ ನ್ಯಾಯಾಲಯದಲ್ಲಿ ಎರಡನೆಯ ಪುನರೀಕ್ಷಣೆ ಕೋರಲಾಗದು.

ಪುನರೀಕ್ಷಣೆ ಎಂದರೆ ಇಡೀ ಪ್ರಕರಣವನ್ನು ಮೊದಲಿನಿಂದ ನಡೆಸುವುದಲ್ಲ ಎಂಬುದನ್ನು ಅರ್ಜಿದಾರರು ಅರಿತಿರಬೇಕು. ಈ ವಿಷಯಕ್ಕೆ ಕರ್ನಾಟಕದ ಪ್ರಕರಣವೊಂದೇ ಉತ್ತಮ ಪಾಠ. ತಾಯಿ ಮತ್ತು ಮಕ್ಕಳಿಗೆ ಕುಟುಂಬ ನ್ಯಾಯಾಲಯ ಜೀವನಾಂಶ ಕೊಡಿಸಿತ್ತು. ಮದುವೆ ರುಜುವಾತಾಗಿಲ್ಲವೆಂಬ ಕಾರಣದ ಮೇಲೆ ಉಚ್ಚ ನ್ಯಾಯಾಲಯ ಪುನರೀಕ್ಷಣೆಯಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ಕಮಲಾ ಮತ್ತು ಎಂ.ಆರ್. ಮೋಹನ್ ಕುಮಾರ್ ಪ್ರಕರಣ ಎಂದು ಹೆಸರಾದ ಇದರಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 24ರಂದು ಉಚ್ಚ ನ್ಯಾಯಾಲಯದ ತೀರ್ಪನ್ನು ಬದಿಗಿರಿಸಿ ಕುಟುಂಬ ನ್ಯಾಯಾಲಯದ ಆದೇಶವನ್ನು ಮತ್ತೆ ಎತ್ತಿಹಿಡಿಯಿತು. ಎರಡು ತತ್ತ್ವಗಳು ಅದರಲ್ಲಿ ಸ್ಪಷ್ಟವಾದವು. ಜೀವನಾಂಶದ ಅರ್ಜಿಯಲ್ಲಿ ಮದುವೆಗೆ ಕಟ್ಟುನಿಟ್ಟಿನ ಪುರಾವೆ ಬೇಕಿಲ್ಲ. ಗಂಡಹೆಂಡಿರಂತೆ ಬಹುಕಾಲ ಬಾಳಿದ್ದರೆ ಮದುವೆಯನ್ನು ಊಹಿಸಬಹುದು. ಮತ್ತು ಕೆಳ ನ್ಯಾಯಾಲಯವು ಸಾಕ್ಷ್ಯ ಕೇಳಿ ತಳೆದ ತೀರ್ಮಾನವನ್ನು, ಪುನರೀಕ್ಷಣೆಯ ನ್ಯಾಯಾಲಯವು ಸಾಕ್ಷ್ಯವನ್ನು ಮರುತೂಗಿ ಬದಲಿಸುವಂತಿಲ್ಲ.

ಆ ಮೇಲ್ಮನವಿಗೆ 2009ನೆಯ ಇಸವಿಯ ಸಂಖ್ಯೆ ಇದೆ. ತೀರ್ಪು ಬಂದುದು 2018ರಲ್ಲಿ. ಒಂದನೆಯ ತರಗತಿಯ ಮಗು ಹತ್ತನೆಯ ತರಗತಿಗೆ ಬರುವಷ್ಟು ಕಾಲ ಅದು. ಆದುದರಿಂದ ತಂದೆಯಾಗಲಿ ತಾಯಿಯಾಗಲಿ, ತಮ್ಮ ಎಲ್ಲ ಸಾಕ್ಷ್ಯವನ್ನು ಮೊದಲ ನ್ಯಾಯಾಲಯದಲ್ಲಿಯೇ ಮಂಡಿಸಬೇಕು. ಮೇಲಿನ ನ್ಯಾಯಾಲಯದಲ್ಲಿ ನೋಡಿಕೊಂಡರಾಯಿತು ಎಂಬ ಲೆಕ್ಕಾಚಾರ ನಡೆಯುವುದಿಲ್ಲ.

(ಇ) ಮೊತ್ತದ ಬದಲಾವಣೆ

ಆದೇಶ ಸರಿಯಾಗಿಯೇ ಇತ್ತು, ಆದರೆ ಅನಂತರ ಪರಿಸ್ಥಿತಿ ಬದಲಾಯಿತು ಎನ್ನುವವರಿಗೆ ಕಲಂ 146 ಇದೆ. ಅಪಘಾತದಲ್ಲಿ ಕಾಲು ಮುರಿದು ದುಡಿಮೆ ನಿಂತಿದ್ದರೆ, ಮಗುವು ತಂದೆಯ ಬಳಿಗೇ ಬಂದು ವಾಸಿಸುತ್ತಿದ್ದರೆ, ಅಥವಾ ಸಿವಿಲ್ ನ್ಯಾಯಾಲಯವು ಬೇರೆ ತೀರ್ಪು ಕೊಟ್ಟಿದ್ದರೆ, ಮೊತ್ತವನ್ನು ಕಡಿಮೆ ಮಾಡಲು ಅಥವಾ ಆದೇಶವನ್ನು ರದ್ದುಪಡಿಸಲು ಅದೇ ನ್ಯಾಯಾಲಯವನ್ನು ಕೋರಬಹುದು. ಮಕ್ಕಳಿಗೆ ಪ್ರಾಪ್ತ ವಯಸ್ಸು ತುಂಬಿದಾಗ ಆದೇಶ ತಾನಾಗಿ ನಿಂತಿತೆಂದು ಭಾವಿಸದೆ ನ್ಯಾಯಾಲಯದಿಂದಲೇ ಸ್ಪಷ್ಟನೆ ಪಡೆಯುವುದು ಕ್ಷೇಮ. ಏಕೆಂದರೆ ಅಂಗವೈಕಲ್ಯ ಅಥವಾ ಮಾನಸಿಕ ಅಸ್ವಸ್ಥತೆಯಿಂದ ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಮಕ್ಕಳ ಹಕ್ಕು ಅನಂತರವೂ ಮುಂದುವರಿಯುತ್ತದೆ. ತನ್ನನ್ನು ಪೋಷಿಸಿಕೊಳ್ಳಲಾಗದ ಅವಿವಾಹಿತ ಹಿಂದೂ ಮಗಳಿಗೆ 1956ರ ಕಾಯ್ದೆಯಡಿ ಪ್ರತ್ಯೇಕ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ.

ಈ ಬಾಗಿಲು ತಾಯಿಗೂ ತೆರೆದಿದೆ. ಐದು ವರ್ಷದ ಮಗುವಿಗೆ ಗೊತ್ತುಪಡಿಸಿದ ಹಣ ಹದಿನೈದರ ವಿದ್ಯಾರ್ಥಿಗೆ ಸಾಲದು. ಶಾಲೆ, ವಸತಿನಿಲಯ, ಔಷಧಿಯ ವೆಚ್ಚದ ರಸೀದಿಗಳೊಂದಿಗೆ ಹೆಚ್ಚಳ ಕೋರಬಹುದು. ಆದೇಶವನ್ನು ಪ್ರಶ್ನಿಸುವುದೆಂದರೆ ತಂದೆಯ ಕೆಲಸ ಮಾತ್ರವೆಂದು ಸದಸ್ಯರು ತಿಳಿಯಬಾರದು.

5. ನಿಲ್ಲುವ ವಾದ, ನಿಲ್ಲದ ವಾದ

ಕಟ್ಟೆಯ ಮೇಲೆ ಕೇಳಿಬರುವ ಹಲವು ವಾದಗಳು ಮಗುವಿನ ಜೀವನಾಂಶದ ಮುಂದೆ ನಿಲ್ಲುವುದಿಲ್ಲ.

"ಅವಳೇ ಮನೆ ಬಿಟ್ಟು ಹೋದಳು." ಸಕಾರಣವಿಲ್ಲದೆ ಗಂಡನೊಡನೆ ಬಾಳಲು ಒಪ್ಪದ ಹೆಂಡತಿಗೆ ಜೀವನಾಂಶವಿಲ್ಲವೆಂಬ ನಿಯಮ ಇರುವುದು ಹೆಂಡತಿಯ ಪಾಲಿಗೆ. ಅದು ಮಗುವಿಗೆ ಅನ್ವಯಿಸದು. ತಾಯಿಯ ಅರ್ಜಿ ತಿರಸ್ಕೃತವಾದರೂ ಮಗುವಿನ ಅರ್ಜಿ ಉಳಿಯಬಹುದು.

"ಮಗುವನ್ನು ನೋಡಲು ಬಿಡುತ್ತಿಲ್ಲ." ಇದು ನಿಜವಾದ ನೋವು. ಇದಕ್ಕೆ ಭೇಟಿಯ ಹಕ್ಕನ್ನು ಕೋರಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ನೋಡಲು ಬಿಡದ ತಾಯಿಗೆ ಬುದ್ಧಿ ಕಲಿಸಲೆಂದು ಹಣ ನಿಲ್ಲಿಸಿದರೆ ಶಿಕ್ಷೆಯಾಗುವುದು ಮಗುವಿಗೆ.

"ನನಗೆ ಕಾಯಂ ಕೆಲಸವಿಲ್ಲ." ದೇಹ ಗಟ್ಟಿಯಾಗಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ಪುನರುಚ್ಚರಿಸಿದೆ. ಕೆಲಸ ಕಾಯಂ ಅಲ್ಲವೆಂಬುದು ಮೊತ್ತ ಕಡಿಮೆಯಾಗಲು ಕಾರಣವಾದೀತು. ಹೊಣೆಯೇ ಇಲ್ಲವೆನ್ನಲು ಕಾರಣವಾಗದು.

"ಇನ್ನೊಂದು ಸಂಸಾರ ಇದೆ, ಸಾಲ ಇದೆ." ಇವನ್ನು ನ್ಯಾಯಾಲಯ ಗಮನಿಸಬಹುದು. ಆದರೆ ಮೊದಲ ಮಗುವಿನ ಹಕ್ಕು ಇವುಗಳಿಂದ ಅಳಿಸಿಹೋಗುವುದಿಲ್ಲ.

ನಿಲ್ಲುವ ವಾದಗಳೂ ಇವೆ. ನೋಟಿಸು ನಿಜವಾಗಿಯೂ ತಲುಪಿಲ್ಲ. ಆದಾಯವನ್ನು ದಾಖಲೆಯಿಲ್ಲದೆ ಹೆಚ್ಚಾಗಿ ಊಹಿಸಲಾಗಿದೆ. ತಾಯಿಗೂ ಗಣನೀಯ ಸಂಬಳವಿದ್ದು ಅದನ್ನು ಮರೆಮಾಡಲಾಗಿದೆ. ಬೇರೆ ಕಾನೂನಿನಡಿ ಇದೇ ಮಗುವಿಗೆ ಈಗಾಗಲೇ ಹಣ ಕೊಡುತ್ತಿದ್ದು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂಬಂತಹವು. ದುಡಿಯುವ ತಂದೆತಾಯಿಗಳಿಬ್ಬರೂ ತಮ್ಮ ಆದಾಯಕ್ಕೆ ಅನುಗುಣವಾಗಿ ಮಗುವಿನ ಹೊಣೆ ಹೊರಬೇಕೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಹೇಳಿದೆ.

6. "ಮಗು ನನ್ನದಲ್ಲ" ಎಂಬ ವಾದ

ಇದು ಅತ್ಯಂತ ಸೂಕ್ಷ್ಮವಾದ ವಿಷಯ. ಸಿಂಧುವಾದ ಮದುವೆ ಇರುವಾಗ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ಭಾವಿಸುತ್ತದೆ. ಈ ನಿಯಮ ಹಿಂದೆ ಸಾಕ್ಷ್ಯ ಕಾಯ್ದೆಯ ಕಲಂ 112ರಲ್ಲಿತ್ತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 116ರಲ್ಲಿದೆ. ಗರ್ಭ ನಿಂತ ಕಾಲದಲ್ಲಿ ಗಂಡಹೆಂಡಿರಿಗೆ ಪರಸ್ಪರ ಸೇರುವ ಅವಕಾಶವೇ ಇರಲಿಲ್ಲವೆಂದು ತೋರಿಸುವ ಭಾರ ಗಂಡನದು.

ಮಹಾರಾಷ್ಟ್ರದಿಂದ ಬಂದ ಪ್ರಕರಣವೊಂದರಲ್ಲಿ, ಡಿಎನ್‌ಎ ಪರೀಕ್ಷೆಯು ಆತ ತಂದೆಯಲ್ಲವೆಂದು ತೋರಿಸಿದುದರಿಂದ, ಕಾನೂನಿನ ಭಾವನೆಗಿಂತ ವಿಜ್ಞಾನದ ಸತ್ಯವೇ ಮೇಲೆಂದು ಸರ್ವೋಚ್ಚ ನ್ಯಾಯಾಲಯ 2014ರ ಜನವರಿಯಲ್ಲಿ ಹೇಳಿತು. ಆದರೆ ಅದುವರೆಗೆ ಕೊಟ್ಟ ಹಣವನ್ನು ಮರಳಿ ವಸೂಲು ಮಾಡುವಂತಿಲ್ಲವೆಂದೂ ಅದೇ ತೀರ್ಪಿನಲ್ಲಿ ಹೇಳಿತು. ಈ ತೀರ್ಪನ್ನು ಕೇಳಿದವರು, ಅರ್ಜಿ ಹಾಕಿದರೆ ಸಾಕು, ಪರೀಕ್ಷೆ ಮಾಡಿಸುತ್ತಾರೆಂದು ಭಾವಿಸುವುದುಂಟು. ಅದು ತಪ್ಪು. ಸಂಶಯ ಬಂದಾಗಲೆಲ್ಲ ಮಕ್ಕಳನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಲಾಗದು, ಮಗುವಿನ ಘನತೆ ಮತ್ತು ಖಾಸಗಿತನವನ್ನು ಕಾಪಾಡಬೇಕು ಎಂದು 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು ಎಚ್ಚರಿಸಿದೆ.

ಮಗುವಿನ ಹುಟ್ಟಿನ ಕುರಿತ ಮಾತು ಒಮ್ಮೆ ಓಣಿಗೆ ಬಿದ್ದರೆ ಯಾವ ತೀರ್ಪೂ ಅದನ್ನು ಹಿಂದಕ್ಕೆ ತರಲಾರದು. ಈ ವಿಷಯವನ್ನು ಸಭೆಯಲ್ಲಿ, ಕಟ್ಟೆಯ ಮೇಲೆ ಚರ್ಚಿಸಲು ಸದಸ್ಯರು ಎಡೆಗೊಡಬಾರದು.

7. ಆದಾಯದ ಪುರಾವೆ

ಬಹುತೇಕ ಪ್ರಕರಣಗಳಲ್ಲಿ ವಿವಾದವು ಮೊತ್ತದ್ದು. ತಾಯಿ "ತಿಂಗಳಿಗೆ ಐವತ್ತು ಸಾವಿರ ದುಡಿಯುತ್ತಾನೆ" ಎನ್ನುತ್ತಾಳೆ. ತಂದೆ "ಐದು ಸಾವಿರವೂ ಇಲ್ಲ" ಎನ್ನುತ್ತಾನೆ. ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು ಈ ಊಹೆಯಾಟಕ್ಕೆ ತೆರೆ ಎಳೆಯಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ನಿಗದಿತ ನಮೂನೆಯ ಅಫಿಡವಿಟ್ಟಿನಲ್ಲಿ ಬರೆದು ಸಲ್ಲಿಸಬೇಕು. ಕೃಷಿ ಕುಟುಂಬಗಳಿಗೆ ಹೊಂದುವ ವಿವರಗಳಿಗೂ ಅದರಲ್ಲಿ ಎಡೆಯಿದೆ. ಜೀವನಾಂಶವನ್ನು ಅರ್ಜಿಯ ದಿನಾಂಕದಿಂದಲೇ ಕೊಡಿಸಬೇಕು, ಬೇರೆ ಕಾನೂನಿನಡಿ ಕೊಡುತ್ತಿರುವ ಮೊತ್ತವನ್ನು ಹೊಂದಾಣಿಕೆ ಮಾಡಬೇಕು ಎಂಬುದೂ ಅದೇ ತೀರ್ಪಿನ ನಿರ್ದೇಶನ. ಅಫಿಡವಿಟ್ಟಿನಲ್ಲಿ ಸುಳ್ಳು ಬರೆದರೆ ಅದೇ ಬೇರೊಂದು ಪ್ರಕರಣಕ್ಕೆ ದಾರಿಯಾಗುತ್ತದೆ.

ನಮ್ಮ ಭಾಗದಲ್ಲಿ ಆದಾಯವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹತ್ತುವ ಭತ್ತದ ಗದ್ದೆಗೂ ಮಳೆಯನ್ನೇ ನಂಬಿದ ತೊಗರಿಯ ಹೊಲಕ್ಕೂ ಅಜಗಜಾಂತರವಿದೆ. ಎಕರೆಯ ಲೆಕ್ಕವೊಂದನ್ನೇ ಮುಂದಿಟ್ಟರೆ ನ್ಯಾಯಾಲಯಕ್ಕೆ ಈ ವ್ಯತ್ಯಾಸ ಕಾಣದು. ಪಹಣಿಯಲ್ಲಿ ಬೆಳೆ ಮತ್ತು ನೀರಾವರಿಯ ವಿವರ, ಮಂಡಿಯ ಪಟ್ಟಿ, ಲಾವಣಿಯ ಕರಾರು, ಬೆಳೆ ಸಾಲ ಮತ್ತು ಬೆಳೆ ವಿಮೆಯ ಕಾಗದ, ಗುಳೆ ಹೋದಲ್ಲಿನ ಕೂಲಿಯ ಬ್ಯಾಂಕ್ ಜಮೆ ಇವು ಎರಡೂ ಕಡೆಯವರಿಗೆ ನೆರವಾಗುತ್ತವೆ.

ಗ್ರಾಮ ಪಂಚಾಯತಿಯ ದಾಖಲೆಗಳೂ ಇಲ್ಲಿ ಮುಖ್ಯ. ನಮೂನೆ 9 ಮತ್ತು 11ರಲ್ಲಿನ ಆಸ್ತಿ ವಿವರ, ಅಂಗಡಿಯ ಪರವಾನಗಿ, ಉದ್ಯೋಗ ಚೀಟಿಯ ಕೂಲಿ ವಿವರವನ್ನು ಯಾವ ಪಕ್ಷ ಕೇಳಿದರೂ ನಿಯಮದಂತೆ ವಿಳಂಬವಿಲ್ಲದೆ ಕೊಡಬೇಕು. ಆದಾಯ ಪ್ರಮಾಣಪತ್ರ ಕೊಡುವ ಅಧಿಕಾರ ಕಂದಾಯ ಇಲಾಖೆಯದು. ಅದನ್ನು ನಾಡಕಚೇರಿಯ ಮೂಲಕ ಪಡೆಯಬೇಕು. "ಈತನಿಗೆ ಯಾವ ಆದಾಯವೂ ಇಲ್ಲ" ಎಂದು ಸದಸ್ಯರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ಮೇಲಾಗಿ ಬರೆದುಕೊಟ್ಟವರೇ ಸಾಕ್ಷಿಕಟ್ಟೆ ಹತ್ತಿ ಪಾಟೀಸವಾಲು ಎದುರಿಸಬೇಕಾದೀತು.

8. ಹಣ ನಿಲ್ಲಿಸಿದರೆ ಆಗುವುದೇನು?

ಪುನರೀಕ್ಷಣಾ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೋರಬೇಕು. ಬಾಕಿಯ ಒಂದು ಭಾಗವನ್ನು ಠೇವಣಿ ಇಡಬೇಕೆಂಬ ಷರತ್ತಿನ ಮೇಲೆ ಮೇಲಿನ ನ್ಯಾಯಾಲಯಗಳು ಅದನ್ನು ಕೊಡುವುದು ರೂಢಿ. ತಡೆಯಾಜ್ಞೆ ಇಲ್ಲದಿರುವಾಗ ಹಣ ಕೊಡದಿದ್ದರೆ, ಬಾಕಿಯನ್ನು ದಂಡದಂತೆ ವಸೂಲು ಮಾಡಲು ವಾರಂಟು ಹೊರಡಬಹುದು. ಸಕಾರಣವಿಲ್ಲದೆ ಬಾಕಿ ಉಳಿಸಿಕೊಂಡವರಿಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ, ಅಥವಾ ಅದಕ್ಕೆ ಮೊದಲೇ ಹಣ ಕಟ್ಟಿದರೆ ಅಲ್ಲಿಯವರೆಗೆ, ಕಾರಾಗೃಹವಾಸ ವಿಧಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತೆಂಬ ನಂಬಿಕೆ ಹಲವರಲ್ಲಿದೆ. ಜೈಲು ವಸೂಲಿಯ ಒಂದು ಬಗೆಯೇ ಹೊರತು ಬಾಕಿಯ ತೀರುವಳಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಬಹಳ ಹಿಂದೆಯೇ ಹೇಳಿದೆ.

ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋದರೆ ತಪ್ಪಿಸಿಕೊಳ್ಳಬಹುದೆಂಬುದೂ ಹುಸಿ. ಎದುರುದಾರನು ಎಲ್ಲಿರುತ್ತಾನೋ ಆ ಸ್ಥಳದ ಮ್ಯಾಜಿಸ್ಟ್ರೇಟರು ಆದೇಶವನ್ನು ಜಾರಿಗೊಳಿಸಬಹುದೆಂದು ಕಲಂ 147 ಹೇಳುತ್ತದೆ. ಆದೇಶದ ಪ್ರತಿಯನ್ನು ಯಾರ ಪರವಾಗಿ ಆದೇಶವಾಗಿದೆಯೋ ಅವರಿಗೆ ಉಚಿತವಾಗಿ ಕೊಡಬೇಕೆಂಬುದೂ ಅಲ್ಲಿಯೇ ಇದೆ.

ತಾಯಂದಿರು ನೆನಪಿಡಬೇಕಾದ ಗಡುವು ಒಂದಿದೆ. ಪ್ರತಿ ಕಂತು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅದರ ವಸೂಲಿಗೆ ಅರ್ಜಿ ಹಾಕಬೇಕು. "ಇಂದಲ್ಲ ನಾಳೆ ಕೊಟ್ಟಾನು" ಎಂದು ಕಾಯುತ್ತ ಕುಳಿತರೆ ಹಳೆಯ ಕಂತುಗಳಿಗೆ ಈ ಕಲಮಿನಡಿ ವಾರಂಟು ಸಿಗದು.

ತಂದೆಯಂದಿರು ನೆನಪಿಡಬೇಕಾದುದು ರಸೀದಿಯ ಮಹತ್ವ. ಜಾತ್ರೆಯಲ್ಲಿ ಮಗುವಿಗೆ ಕೊಡಿಸಿದ ಬಟ್ಟೆ, ಮಾವನ ಕೈಗೆ ಕೊಟ್ಟ ನಗದು ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕ್ ಖಾತೆಗೆ ಜಮೆ ಮಾಡಬೇಕು, ಇಲ್ಲವೇ ನ್ಯಾಯಾಲಯದಲ್ಲಿ ಕಟ್ಟಿ ರಸೀದಿ ಪಡೆಯಬೇಕು. ಪೂರ್ಣ ಮೊತ್ತ ಕಟ್ಟಲಾಗದವರು ಆದಷ್ಟನ್ನು ಕ್ರಮವಾಗಿ ಕಟ್ಟುತ್ತ ಬದಲಾವಣೆಗೆ ಅರ್ಜಿ ಹಾಕಿದರೆ, ನ್ಯಾಯಾಲಯಕ್ಕೆ ಅವರ ಸದುದ್ದೇಶ ಕಾಣುತ್ತದೆ.

9. ಬಾಂಡಿನ ರಾಜಿ ಮತ್ತು ಲೋಕ ಅದಾಲತ್

ಹಿರಿಯರು ಕುಳಿತು ಸೋಡಚೀಟಿ ಬರೆಸಿ, ಒಂದಿಷ್ಟು ಹಣ ಕೊಡಿಸಿ, "ಇನ್ನು ಮುಂದೆ ತಾಯಿಗಾಗಲಿ ಮಕ್ಕಳಿಗಾಗಲಿ ಯಾವ ಹಕ್ಕೂ ಇಲ್ಲ" ಎಂದು ಬಾಂಡ್ ಪೇಪರಿನಲ್ಲಿ ಸಹಿ ಹಾಕಿಸುವುದುಂಟು. ಈ ಕಾಗದದಿಂದ ಮಗುವಿನ ಹಕ್ಕು ಹೋಗುವುದಿಲ್ಲ. ಮಗುವಿನ ಜೀವನಾಂಶ ಮಗುವಿನದು. ತಾಯಿ ಅದನ್ನು ಬಿಟ್ಟುಕೊಡಲಾರಳು, ಹಿರಿಯರು ಬಿಡಿಸಲಾರರು. ಬಾಂಡನ್ನು ನಂಬಿ ಹಣ ಕೊಟ್ಟ ತಂದೆ ಅನಂತರ ಮತ್ತೆ ಕೊಡಬೇಕಾಗಿ ಬಂದಾಗ "ಪಂಚರೇ ಮಾಡಿಕೊಟ್ಟರಲ್ಲ" ಎಂದು ಸಂಕಟಪಡುತ್ತಾನೆ. ಹೀಗೆ ಕಟ್ಟೆಯ ರಾಜಿಯು ಇಬ್ಬರಿಗೂ ಮೋಸವಾಗಿ ಪರಿಣಮಿಸುತ್ತದೆ. ಅಂತಹ ಕಾಗದಕ್ಕೆ ಸದಸ್ಯರು ಸಾಕ್ಷಿಯಾಗಿ ಸಹಿ ಮಾಡಬಾರದು.

ರಾಜಿಯೇ ಬೇಡವೆಂದಲ್ಲ. ಆಗುವ ರಾಜಿ ನ್ಯಾಯಾಲಯದ ಮುಂದೆ ಅಥವಾ ಲೋಕ ಅದಾಲತ್ತಿನಲ್ಲಿ ಆಗಲಿ. ಅಲ್ಲಿ ಮಗುವಿನ ಹಿತವನ್ನು ಪರಿಶೀಲಿಸುವವರು ಇರುತ್ತಾರೆ. ಆದರೆ ಲೋಕ ಅದಾಲತ್ತಿನ ತೀರ್ಪು ಅಂತಿಮ. ಅದರ ಮೇಲೆ ಮೇಲ್ಮನವಿ ಇಲ್ಲ. ಸಹಿ ಮಾಡುವ ಮೊದಲು ಪ್ರತಿಯೊಂದು ಷರತ್ತನ್ನೂ ಓದಿಸಿ ಕೇಳಿ ತಿಳಿಯಬೇಕು.

10. ಉಚಿತ ಕಾನೂನು ನೆರವು

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಕಲಂ 12ರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ಬಂಧನದಲ್ಲಿರುವವರು ಆದಾಯವೆಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ಉಳಿದವರಿಗೆ ಆದಾಯದ ಮಿತಿಯಿದೆ. ಆದುದರಿಂದ ಆದೇಶ ಪ್ರಶ್ನಿಸಬೇಕಾದ ಬಡ ತಂದೆಗೂ ಈ ನೆರವು ದೊರೆಯಬಹುದು. ಶಹಾಪುರ ಮತ್ತು ಸುರಪುರದಲ್ಲಿ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು, ಯಾದಗಿರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ಸಹಾಯವಾಣಿ ಸಂಖ್ಯೆ 15100. ದೌರ್ಜನ್ಯವೂ ಸೇರಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ತಲುಪಬಹುದು.

11. ಸದಸ್ಯರು ಮಾಡಬೇಕಾದುದು

• ಯಾರಾದರೂ ನ್ಯಾಯಾಲಯದ ಕಾಗದ ತಂದರೆ ಮೊದಲು ದಿನಾಂಕ ನೋಡಿ, ಗಡುವು ಎಂದು ಮುಗಿಯುತ್ತದೆಂದು ಬರೆದುಕೊಡುವುದು. ಏಕಪಕ್ಷೀಯ ಆದೇಶಕ್ಕೆ ಮೂರು ತಿಂಗಳು, ಪುನರೀಕ್ಷಣೆಗೆ 90 ದಿನ, 2005ರ ಕಾಯ್ದೆಯ ಮೇಲ್ಮನವಿಗೆ 30 ದಿನ, ಬಾಕಿ ವಸೂಲಿಗೆ ಒಂದು ವರ್ಷ.
• ಗುಳೆ ಹೋದವರ ಮನೆಗೆ ನೋಟಿಸು ಬಂದುದು ತಿಳಿದರೆ ಆ ದಿನವೇ ಅವರಿಗೆ ದೂರವಾಣಿ ಮಾಡಿಸುವುದು, ಕಾಗದದ ಚಿತ್ರವನ್ನು ಮೊಬೈಲಿಗೆ ಕಳುಹಿಸಲು ಮನೆಯವರಿಗೆ ನೆರವಾಗುವುದು.
• ನ್ಯಾಯಾಲಯದ ಸಿಬ್ಬಂದಿ ವಿಳಾಸ ಕೇಳಿದಾಗ ಸತ್ಯವನ್ನೇ ಹೇಳುವುದು. "ಊರಲ್ಲಿಲ್ಲ" ಎಂದು ಮರೆಮಾಚಿದರೆ ತಂದೆಗೆ ಉಪಕಾರವಾಗದು. ಆತ ತನ್ನ ಮಾತು ಹೇಳುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ.
• ಪಂಚಾಯತಿಯ ದಾಖಲೆಗಳನ್ನು ಇಬ್ಬರಿಗೂ ಸಮಾನವಾಗಿ ಒದಗಿಸುವುದು.
• ವಿವಾದ ನಡೆಯುವಷ್ಟು ಕಾಲ ಮಗು ಶಾಲೆ ಬಿಡದಂತೆ, ಅಂಗನವಾಡಿಯ ಆಹಾರ ತಪ್ಪದಂತೆ ನೋಡಿಕೊಳ್ಳುವುದು. ತಾಯಿ ತವರಿಗೆ ಬಂದಾಗ ವರ್ಗಾವಣೆ ಪತ್ರ ಇಲ್ಲವೆಂಬ ಕಾರಣಕ್ಕೆ ಮಗು ಮನೆಯಲ್ಲಿ ಕೂರಬಾರದು.

12. ಚರ್ಚೆಗೆ ಪ್ರಶ್ನೆಗಳು

1. ಮೂರನೆಯ ಭಾಗದ ನಿದರ್ಶನದಲ್ಲಿ ತಂದೆ ಮೇ ತಿಂಗಳಲ್ಲಿ ನಿಮ್ಮ ಬಳಿಗೆ ಬಂದರೆ ಮೊದಲ ಮೂರು ದಿನಗಳಲ್ಲಿ ಏನೇನು ಮಾಡಲು ಹೇಳುವಿರಿ?
2. ಅದೇ ತಾಯಿ ಜುಲೈ ತಿಂಗಳಲ್ಲಿ ಬಂದು, ಒಂದು ಕಂತೂ ಬಂದಿಲ್ಲವೆಂದರೆ ಆಕೆಗೆ ಯಾವ ಗಡುವನ್ನು ನೆನಪಿಸುವಿರಿ?
3. ನಿಮ್ಮ ಪಂಚಾಯತಿಯಲ್ಲಿ ಗುಳೆ ಹೋದ ಮನೆಗಳಿಗೆ ಬರುವ ನ್ಯಾಯಾಲಯದ ಕಾಗದವನ್ನು ಓದಿ ಹೇಳುವ ವ್ಯವಸ್ಥೆ ಇದೆಯೇ? ಇಲ್ಲವಾದರೆ ಅದನ್ನು ಯಾರಿಗೆ ವಹಿಸಬಹುದು?
4. ಹಿಂದೆ ಬಾಂಡ್ ಪೇಪರಿನ ರಾಜಿಗೆ ಸಾಕ್ಷಿ ಹಾಕಿದ ಸದಸ್ಯರು ಈಗ ಆ ಕುಟುಂಬಗಳಿಗೆ ಏನು ತಿಳಿಸಬೇಕು?

ಮೂರನೆಯ ಪ್ರಶ್ನೆಗೆ ಪ್ರತಿ ಪಂಚಾಯತಿಯೂ ತನ್ನ ಮುಂದಿನ ಸಾಮಾನ್ಯ ಸಭೆಯಲ್ಲಿ ಉತ್ತರ ಕಂಡುಕೊಳ್ಳುವುದು ಅಪೇಕ್ಷಣೀಯ. ಗೂಡಿನಲ್ಲಿ ಉಳಿದ ಒಂದು ಕಾಗದವನ್ನು ಆ ದಿನವೇ ಯಾರಾದರೂ ಓದಿ ಹೇಳಿದ್ದರೆ, ನಿದರ್ಶನದ ತಂದೆ ತನ್ನ ಮಾತನ್ನು ಸಕಾಲದಲ್ಲಿ ನ್ಯಾಯಾಲಯಕ್ಕೆ ಹೇಳುತ್ತಿದ್ದ. ಮಕ್ಕಳೂ 16 ತಿಂಗಳು ಕಾಯಬೇಕಾಗುತ್ತಿರಲಿಲ್ಲ.